ಲೇಟ್ ಬುಕ್ಕಿನ ಖಾಲಿ ಪುಟ: ಒಂದು ಕಾನ್ವೆಂಟ್ ಶಾಲೆಯ ಪ್ರಕರಣ ಅಧ್ಯಯನ

ಜುಲೈ ತಿಂಗಳ ಒಂದು ಸೋಮವಾರ. ಪ್ರಾರ್ಥನೆ ಮುಗಿದು ಮಕ್ಕಳೆಲ್ಲ ಸಾಲಾಗಿ ಕ್ಲಾಸಿಗೆ ಹೋದ ಮೇಲೆ ಲೇಟ್ ಬುಕ್ ನನ್ನ ಮೇಜಿಗೆ ಬಂತು. ಉದ್ದನೆಯ ರಿಜಿಸ್ಟರ್, ನೀಲಿ ರಟ್ಟು. ದಿನಾ ಅದರಲ್ಲಿ ಹತ್ತು ಹದಿನೈದು ಹೆಸರು ಇರುತ್ತಿದ್ದವು. ಅವತ್ತು ತಾರೀಕು ಇತ್ತು, ಕೆಳಗೆ ಎಸ್‌ಪಿಎಲ್ (ಶಾಲೆಯ ವಿದ್ಯಾರ್ಥಿ ನಾಯಕಿ) ಸಹಿ ಇತ್ತು. ನಡುವೆ ಒಂದು ಹೆಸರೂ ಇರಲಿಲ್ಲ.

ಗೇಟಿನ ಆಚೆ ಹನ್ನೊಂದು ಹುಡುಗಿಯರು ನಿಂತಿದ್ದನ್ನು ನಾನೇ ಸ್ಟಾಫ್ ರೂಮಿನ ಕಿಟಕಿಯಿಂದ ನೋಡಿದ್ದೆ. ಎಸ್‌ಪಿಎಲ್‌ಳನ್ನು ಕರೆಸಿದೆ. ಹತ್ತನೇ ಕ್ಲಾಸಿನ ಹುಡುಗಿ, ಮಾತು ಕಮ್ಮಿ.

"ಬರೆಯೋಕೆ ಮರೆತುಹೋಯ್ತಾ?"

"ಇಲ್ಲ ಮಿಸ್. ಬರೀಲಿಲ್ಲ."

"ಯಾಕೆ?"

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಒಂದು ವಾರ ಟೈಮ್ ಕೊಡಿ ಮಿಸ್. ಆಮೇಲೆ ನೀವು ಹೇಳಿದ ಹಾಗೆ ಮಾಡ್ತೀನಿ."

ಆ ಒಂದು ವಾರದಲ್ಲಿ ಏನಾಯಿತು, ಆಮೇಲೆ ಏನಾಯಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಆ ಶಾಲೆಯ ಕನ್ನಡ ಟೀಚರ್. ವಿದ್ಯಾರ್ಥಿ ನಾಯಕಿಯರ ಜವಾಬ್ದಾರಿಯೂ ನನ್ನದೇ. ಶಾಲೆಯ ಹೆಸರು, ಮಕ್ಕಳ ಹೆಸರು ಬರೆಯುವುದಿಲ್ಲ. ಯಾಕೆ ಬರೆಯಬಾರದು ಎಂಬುದು ಈ ಪ್ರಕರಣದ ನಡುವೆಯೇ ನಮಗೆ ಗೊತ್ತಾಯಿತು, ಅದೂ ಒಂದು ಮಗುವಿಗೆ ನೋವು ಮಾಡಿದ ಮೇಲೆ.

ಶಾಲೆ ಮತ್ತು ಬ್ಯಾಡ್ಜು

ನಮ್ಮದು ಕಂಟೋನ್ಮೆಂಟ್ ಕಡೆಯ ಒಂದು ಕ್ಯಾಥೊಲಿಕ್ ಕಾನ್ವೆಂಟ್, ಹೆಣ್ಣುಮಕ್ಕಳಿಗೆ ಮಾತ್ರ. ಬೆಂಗಳೂರಿನಲ್ಲಿ ಇಂಥ ಶಾಲೆಗಳ ಕಥೆ ಹಳೆಯದು. ಗುಡ್ ಶೆಫರ್ಡ್ ಸಿಸ್ಟರ್‌ಗಳು ಇಲ್ಲಿಗೆ ಬಂದದ್ದು 1854ರಲ್ಲಿ. ನಮ್ಮದು ಅಷ್ಟು ಹಳೆಯದಲ್ಲ. ಹೈಸ್ಕೂಲ್ ವಿಭಾಗ ಅನುದಾನಿತ, ಸ್ಟೇಟ್ ಸಿಲಬಸ್. ಆದ್ದರಿಂದ ಬಿಸಿಯೂಟ, ಕ್ಷೀರಭಾಗ್ಯದ ಹಾಲು ಎರಡೂ ನಮ್ಮ ಮಕ್ಕಳಿಗೆ ಸಿಗುತ್ತವೆ. ಹಾಲಿನ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಟ್ಯಾನರಿ ರೋಡ್, ಹಲಸೂರು, ಮರ್ಫಿ ಟೌನ್, ಲಿಂಗರಾಜಪುರ, ಕೆ.ಆರ್. ಪುರದ ಕಡೆಯಿಂದ ಮಕ್ಕಳು ಬರುತ್ತಾರೆ. ಮೈದಾನದಲ್ಲಿ ಕಿವಿಗೊಟ್ಟರೆ ಕನ್ನಡ, ತಮಿಳು, ಉರ್ದು, ತೆಲುಗು, ಕೊಂಕಣಿ ಎಲ್ಲ ಕಲಸಿ ಕೇಳಿಸುತ್ತದೆ. ವಾರದಲ್ಲಿ ಕೆಲವು ಪಿರಿಯಡ್ ಕ್ಯಾಥೊಲಿಕ್ ಮಕ್ಕಳು ಸಿಸ್ಟರ್ ಹತ್ತಿರ ಕ್ಯಾಟೆಕಿಸಂಗೆ ಹೋಗುತ್ತಾರೆ, ಉಳಿದವರು ನಮ್ಮ ಹತ್ತಿರ ಮಾರಲ್ ಸೈನ್ಸ್‌ಗೆ. ಅನುದಾನ ಪಡೆಯುವ ಶಾಲೆಯಲ್ಲಿ ಒಪ್ಪಿಗೆ ಇಲ್ಲದೆ ಯಾರನ್ನೂ ಧರ್ಮಬೋಧನೆಗೆ ಕೂರಿಸುವಂತಿಲ್ಲ ಎಂದು ಸಂವಿಧಾನದ 28ನೇ ವಿಧಿಯೇ ಹೇಳುತ್ತದೆ. ಆದರೆ ಆ ಪಿರಿಯಡ್ ಮುಗಿದರೆ ಎಲ್ಲರೂ ಮತ್ತೆ ಒಂದೇ. ಅಂಗಳದ ಮೂಲೆಯಲ್ಲಿ ಲೂರ್ದು ಮಾತೆಯ, ಅಂದರೆ ಮರಿಯಮ್ಮನ, ಗವಿ ಇದೆ. ಪರೀಕ್ಷೆಯ ದಿನ ಅಲ್ಲಿ ಕಣ್ಣು ಮುಚ್ಚಿ ನಿಲ್ಲುವವರಲ್ಲಿ ಯಾರು ಯಾವ ಧರ್ಮ ಎಂದು ಗುರುತಿಸಲು ಆಗುವುದಿಲ್ಲ. ಡಿಸೆಂಬರಿನಲ್ಲಿ ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಕಟ್ಟುವಾಗ ಹುಲ್ಲು ತರುವವಳು ಒಬ್ಬಳು, ಕುರಿಗೆ ಬಣ್ಣ ಬಳಿಯುವವಳು ಇನ್ನೊಬ್ಬಳು. ನಾನು ಕ್ಯಾಥೊಲಿಕ್ ಅಲ್ಲ. ಆದರೂ ಈ ಅಂಗಳ ನನ್ನದು ಅಂತ ಯಾವಾಗಲೂ ಅನ್ನಿಸಿದೆ.

ಜೂನ್ ಕೊನೆಯಲ್ಲಿ ಚುನಾವಣೆ. ಎಸ್‌ಪಿಎಲ್, ಸಹಾಯಕಿ, ಶಿಸ್ತು, ಸ್ವಚ್ಛತೆ, ಆಟೋಟ, ನಾಲ್ಕು ಹೌಸುಗಳ (ಸ್ಪರ್ಧೆಗಾಗಿ ಮಕ್ಕಳನ್ನು ಹಂಚಿದ ತಂಡಗಳ) ಕ್ಯಾಪ್ಟನ್‌ಗಳು. ಆಯ್ಕೆಯಾದವರು ಮೇಣದ ಬತ್ತಿ ಹಿಡಿದು ಪ್ರಮಾಣ ಮಾಡುತ್ತಾರೆ. ಎದೆಗೆ ಬ್ಯಾಡ್ಜ್ ಚುಚ್ಚಿದ ಆ ದಿನ ತಾಯಂದಿರ ಕಣ್ಣು ಒದ್ದೆಯಾಗಿರುತ್ತದೆ. ಮಾರನೇ ದಿನದಿಂದ ಆ ಬ್ಯಾಡ್ಜಿನ ಮುಖ್ಯ ಕೆಲಸ ಏನು? ಮಾತಾಡಿದವರ ಹೆಸರು ಬರೆಯುವುದು. ರಿಬ್ಬನ್ ಹಾಕದವರ ಹೆಸರು ಬರೆಯುವುದು. ಲೇಟಾಗಿ ಬಂದವರ ಹೆಸರು ಬರೆಯುವುದು.

ಇದರಲ್ಲಿ ನನ್ನ ತಪ್ಪು ದೊಡ್ಡದಿದೆ. ಹಿಂದಿನ ವರ್ಷ ಲೇಟಾಗಿ ಬರುವವರು ಜಾಸ್ತಿಯಾಗಿದ್ದರು. ಒಬ್ಬಳು ಲೇಟಾದರೆ ಅವಳ ಹೌಸಿಗೆ ಎರಡು ಪಾಯಿಂಟ್ ಕಳೆಯೋಣ ಎಂದು ಮೀಟಿಂಗಿನಲ್ಲಿ ಹೇಳಿದವಳು ನಾನೇ. ಎಲ್ಲರೂ ಒಪ್ಪಿದರು. ಸಂಖ್ಯೆ ಇಳಿದದ್ದೂ ನಿಜ. ಆಗ ನನಗೆ ಖುಷಿಯಾಗಿತ್ತು. ಮಕ್ಕಳೇ ಮಕ್ಕಳನ್ನು ತಿದ್ದುತ್ತಾರೆ ಅಂದುಕೊಂಡೆ. ಅವರು ತಿದ್ದುತ್ತಿರಲಿಲ್ಲ, ಚುಚ್ಚುತ್ತಿದ್ದರು.

ರೆಡ್ ಹೌಸಿನಲ್ಲಿ ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ ಇದ್ದಳು. ವಾರದಲ್ಲಿ ನಾಲ್ಕು ದಿನ ಲೇಟು. ಅವಳ ಹೌಸಿನವರು ಅವಳಿಗೆ ಹೇಳಿದ್ದು ಹೀಗೆ: "ಲೇಟಾಗೋ ಹಾಗಿದ್ರೆ ಬರಲೇಬೇಡ ಕಣೇ. ಆಬ್ಸೆಂಟ್ ಆದ್ರೆ ಪಾಯಿಂಟ್ ಹೋಗಲ್ಲ." ಅವಳು ಹಾಗೇ ಮಾಡಿದಳು. ಮೂರು ದಿನ ಬರಲಿಲ್ಲ. ನಾಲ್ಕನೇ ದಿನ, ಅಂದರೆ ಆ ಸೋಮವಾರ, ಗೇಟಿನ ಹತ್ತಿರ ಬಂದವಳು ಒಳಗೆ ಕಾಲಿಡದೆ, "ಅಕ್ಕಾ, ನಾನು ವಾಪಸ್ ಹೋಗ್ಲಾ?" ಎಂದು ಎಸ್‌ಪಿಎಲ್‌ಳನ್ನು ಕೇಳಿದಳು. ಎಸ್‌ಪಿಎಲ್ ಪೆನ್ನಿನ ಕ್ಯಾಪ್ ಮುಚ್ಚಿದ್ದು ಆಗಲೇ.

ಗೋಡೆಯ ಮೇಲಿದ್ದ ಮೂರು ಪದ

ಹೆಡ್‌ಮಿಸ್ ಸಿಸ್ಟರ್ ವಾರದ ಟೈಮ್ ಕೊಟ್ಟರು. ಅವರು ಹೇಳಿದ್ದು ಇಷ್ಟೇ: "ಸುಮ್ನೆ ಬಿಟ್ಟುಬಿಡೋದಕ್ಕೆ ಅಲ್ಲ. ಏನು ನೋಡಿದಿರಿ ಅಂತ ಶುಕ್ರವಾರ ಬಂದು ಹೇಳಬೇಕು."

ನಮ್ಮ ಲೈಬ್ರರಿ ಗೋಡೆಯಲ್ಲಿ ವೈಸಿಎಸ್ (ಕ್ಯಾಥೊಲಿಕ್ ವಿದ್ಯಾರ್ಥಿ ಸಂಘಟನೆ) ಮಕ್ಕಳು ಎಂದೋ ಅಂಟಿಸಿದ ಚಾರ್ಟ್ ಇತ್ತು. ನೋಡು, ಯೋಚಿಸು, ಮಾಡು. ಬಿಸಿಲಿಗೆ ಬಣ್ಣ ಹೋಗಿತ್ತು. ಇದು ಬೆಲ್ಜಿಯಂನ ಪಾದ್ರಿ ಜೋಸೆಫ್ ಕಾರ್ಡೈನ್ ದುಡಿಯುವ ಹುಡುಗ ಹುಡುಗಿಯರ ಜೊತೆ ಕೂತು ಕಲಿಸಿದ ದಾರಿ. 1882ರಲ್ಲಿ ಹುಟ್ಟಿದವರು ಅವರು. ಸೆಮಿನರಿಗೆ ಸೇರಿದ ಮೇಲೆ ರಜೆಗೆ ಊರಿಗೆ ಬಂದಾಗ, ಆಗಲೇ ಫ್ಯಾಕ್ಟರಿಗೆ ಹೋಗುತ್ತಿದ್ದ ಹಳೆಯ ಗೆಳೆಯರು ಅವರಿಂದ ದೂರವಾಗಿದ್ದರು. ಆ ನೋವು ಅವರನ್ನು ಕೊನೆಯವರೆಗೂ ಬಿಡಲಿಲ್ಲ. 1961ರಲ್ಲಿ ಪೋಪ್ 23ನೇ ಜಾನ್ ಇಡೀ ಸಭೆಗೆ ಬರೆದ ತಮ್ಮ ವಿಶ್ವಪತ್ರದಲ್ಲಿ ಈ ಮೂರು ಹೆಜ್ಜೆಗಳನ್ನು ಹೆಸರಿಸಿ ಮೆಚ್ಚಿದರು. ಮೊದಲು ನೋಡಬೇಕು, ಆಮೇಲೆ ಅದನ್ನು ತೂಗಬೇಕು, ಆಮೇಲೆ ಕೈ ಹಾಕಬೇಕು. ನಾವು ವರ್ಷಗಟ್ಟಲೆ ನೇರ ಮೂರನೆಯದಕ್ಕೆ ಹೋಗುತ್ತಿದ್ದೆವು, ಅಲ್ವಾ? ಹೆಸರು ಬರೆ, ಪಾಯಿಂಟ್ ಕಳೆ.

ಎಲ್ಲ ನಾಯಕಿಯರೂ ಒಪ್ಪಿದರು ಅಂದುಕೊಳ್ಳಬೇಡಿ. ಶಿಸ್ತಿನ ನಾಯಕಿ ಖಡಾಖಂಡಿತವಾಗಿ ವಿರೋಧಿಸಿದಳು. ಅವಳ ಮಾತನ್ನು ಪೂರ್ತಿ ಕೊಡುತ್ತೇನೆ, ಅದರಲ್ಲಿ ನ್ಯಾಯ ಇದೆ. "ನಮ್ಮ ಮನೆ ಕೆ.ಆರ್. ಪುರ ದಾಟಿ ಇರೋದು ಮಿಸ್. ಟಿನ್ ಫ್ಯಾಕ್ಟರಿ ಹತ್ರ ಇನ್ನೊಂದು ಬಸ್ ಹಿಡೀಬೇಕು. ಐದೂಕಾಲಿಗೆ ಏಳ್ತೀನಿ. ನಾನೂ ಅಮ್ಮಂಗೆ ಹೆಲ್ಪ್ ಮಾಡೇ ಬರೋದು. ಒಂದು ದಿನ ಲೇಟಾಗಿಲ್ಲ. ಕಷ್ಟ ಇದೆ ಅಂತ ಹೇಳಿದವರಿಗೆಲ್ಲ ಬಿಟ್ರೆ, ಕಷ್ಟ ಹೇಳದೇ ಇದ್ದವರು ದಡ್ಡರಾ?"

ಎಸ್‌ಪಿಎಲ್ ಅವಳಿಗೆ ಉತ್ತರ ಕೊಡಲಿಲ್ಲ. "ನೀನೂ ನಮ್ ಜೊತೆ ನೋಡೋಕೆ ಬಾ" ಅಂದಳು. ಮನಸ್ಸಿಲ್ಲದ ಮನಸ್ಸಿನಿಂದ ಅವಳು ಹೊರಟಳು.

ಆ ಐದು ದಿನ

ಇಬ್ಬಿಬ್ಬರಾಗಿ ಹಂಚಿಕೊಂಡರು. ಬರೆದುಕೊಳ್ಳಬಾರದು, ಸುಮ್ಮನೆ ಮಾತಾಡಬೇಕು ಎಂದು ತೀರ್ಮಾನಿಸಿದರು. ಇಂಟರ್ವಲ್‌ನಲ್ಲಿ, ಊಟದ ಹೊತ್ತಿನಲ್ಲಿ, ಸಂಜೆ ಬಸ್ ಸ್ಟಾಪಿನಲ್ಲಿ ಮಾತಾಡಿದರು.

ಮೂವರ ಕಾರಣ ನೀರು. ಕಾವೇರಿ ನೀರು ಅವರ ಬೀದಿಗೆ ದಿನ ಬಿಟ್ಟು ದಿನ ಬರುತ್ತಿತ್ತು, ಬರುವ ಹೊತ್ತಿಗೆ ಲೆಕ್ಕವಿಲ್ಲ. ಒಮ್ಮೊಮ್ಮೆ ಬೆಳಿಗ್ಗೆ ಏಳಕ್ಕೆ, ಒಮ್ಮೊಮ್ಮೆ ಎಂಟಕ್ಕೆ. ಮನೆಯಲ್ಲಿ ಡ್ರಮ್ ತುಂಬಿಸುವ ಕೈ ಅಂದರೆ ಇವರದೇ. ಬಿಟ್ಟು ಬಂದರೆ ಎರಡು ದಿನ ನೀರಿಲ್ಲ. ಇಬ್ಬರ ಕಾರಣ ಬಸ್ಸು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಹೆಣ್ಣುಮಕ್ಕಳಿಗೆ ಟಿಕೆಟ್ ಖರ್ಚು ಉಳಿಯಿತು. ಅದು ನಮ್ಮ ಎಷ್ಟೋ ಮನೆಗಳಿಗೆ ದೊಡ್ಡ ಆಸರೆ. ಆದರೆ ಬೆಳಿಗ್ಗೆ ಎಂಟರ ಬಸ್ಸಿನಲ್ಲಿ ಬ್ಯಾಗ್ ಹೊತ್ತ ಹುಡುಗಿಗೆ ಕಾಲಿಡಲು ಜಾಗವಿಲ್ಲ. ತುಂಬಿದ ಬಸ್ಸು ಸ್ಟಾಪಿನಲ್ಲಿ ನಿಲ್ಲುವುದೂ ಇಲ್ಲ.

ಇನ್ನು ಮೂವರಿಗೆ ಹೇಳಿಕೊಳ್ಳುವ ಕಾರಣವೇ ಇರಲಿಲ್ಲ. ರಾತ್ರಿ ಫೋನು, ಬೆಳಿಗ್ಗೆ ನಿದ್ದೆ. ಹಾಗಂತ ಅವರೇ ಹೇಳಿದರು. ಇಬ್ಬರು ಬಾಯಿ ಬಿಡಲೇ ಇಲ್ಲ.

ಉಳಿದವಳು ರೆಡ್ ಹೌಸಿನ ಆ ಹುಡುಗಿ. ಅವಳ ತಾಯಿ ಪೌರಕಾರ್ಮಿಕರು. ಬೆಳಿಗ್ಗೆ ಆರೂವರೆಗೆಲ್ಲ ಮಸ್ಟರಿಂಗ್‌ಗೆ ಹೋಗಿ ಹಾಜರಿ ಹಾಕಬೇಕು. ಅಪ್ಪ ಜೊತೆಗಿಲ್ಲ. ಮೂರೂವರೆ ವರ್ಷದ ತಮ್ಮನಿದ್ದಾನೆ. ಅಂಗನವಾಡಿ ತೆರೆಯುವುದು ಒಂಬತ್ತೂವರೆಗೆ, ನಮ್ಮ ಗೇಟು ಮುಚ್ಚುವುದು 8:45ಕ್ಕೆ. ಅವಳು ತಮ್ಮನಿಗೆ ಮುಖ ತೊಳೆಸಿ, ಬನ್ನು ತಿನ್ನಿಸಿ, ವಠಾರದಲ್ಲಿ ಯಾರ ಮನೆ ಬಾಗಿಲು ತೆರೆದಿದೆಯೋ ಅಲ್ಲಿ ಬಿಟ್ಟು ಓಡಿ ಬರುತ್ತಿದ್ದಳು. ಯಾರೂ ಇಲ್ಲದ ದಿನ ಕಾಯುತ್ತಿದ್ದಳು. ತಾಯಿಗೆ ಇದನ್ನು ಹೇಳಿರಲಿಲ್ಲ. "ಅಮ್ಮಂಗೆ ಗೊತ್ತಾದ್ರೆ ಕೆಲಸ ಬಿಟ್ಬಿಡ್ತಾಳೆ ಅಕ್ಕ" ಅಂದಳಂತೆ.

ಹಾಲಿನ ವಿಷಯ ಕಂಡುಹಿಡಿದದ್ದು ಶಿಸ್ತಿನ ನಾಯಕಿ. ಪ್ರಾರ್ಥನೆ ಮುಗಿದ ಕೂಡಲೇ ವರಾಂಡದಲ್ಲಿ ಹಾಲು ಕೊಡುತ್ತೇವೆ, ವಾರದಲ್ಲಿ ಮೂರು ದಿನ ರಾಗಿ ಮಾಲ್ಟ್. ಲೇಟಾದವರನ್ನು ಫಸ್ಟ್ ಪಿರಿಯಡ್ ಬೆಲ್ ಆಗುವ ತನಕ ಗೇಟಿನ ಹತ್ತಿರ ನಿಲ್ಲಿಸುತ್ತಿದ್ದೆವು. ಅವರು ಒಳಗೆ ಬರುವ ಹೊತ್ತಿಗೆ ಪಾತ್ರೆ ತೊಳೆದಾಗಿರುತ್ತಿತ್ತು. ರಾಜ್ಯದಲ್ಲಿ ಕ್ಷೀರಭಾಗ್ಯ ಶುರುವಾದದ್ದು 2013ರ ಆಗಸ್ಟ್ 1ರಂದು. ಅಷ್ಟು ವರ್ಷದಿಂದ ಮಕ್ಕಳಿಗೆ ಹಾಲು ಹಂಚುತ್ತಿದ್ದೇವೆ. ಖಾಲಿ ಹೊಟ್ಟೆಯಲ್ಲಿ ಓಡಿ ಬಂದವರಿಗೇ ಆ ಲೋಟ ಸಿಗುತ್ತಿಲ್ಲ ಎಂಬುದು ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಗುರುವಾರ ಸಂಜೆ ಆ ನಾಯಕಿ ನನ್ನ ಹತ್ತಿರ ಬಂದು, "ಮಿಸ್, ಇದು ಸರಿ ಇಲ್ಲ. ಲೇಟಾದ್ರೆ ನಿಲ್ಸಿ. ಹಾಲು ಕೊಡದೇ ಇರೋದು ಯಾವ ರೂಲು?" ಎಂದು ಕೇಳಿದಾಗ ನನಗೆ ತಲೆ ಎತ್ತಲು ಆಗಲಿಲ್ಲ.

ಶುಕ್ರವಾರದ ಮೀಟಿಂಗ್

ಲೈಬ್ರರಿಯಲ್ಲಿ ಸೇರಿದೆವು. ಸಿಸ್ಟರ್ ಹಿಂದಿನ ಬೆಂಚಿನಲ್ಲಿ ಕೂತರು, ಕೊನೆಯವರೆಗೂ ಮಾತಾಡಲಿಲ್ಲ. ಅದು ಸುಲಭದ ಕೆಲಸವಲ್ಲ. ದೊಡ್ಡವರು ನಡುವೆ ಬಾಯಿ ಹಾಕಿದ ಕ್ಷಣ ಮಕ್ಕಳು ತಮ್ಮ ಮಾತು ಬಿಟ್ಟು ನಮಗೆ ಬೇಕಾದದ್ದನ್ನು ಹೇಳತೊಡಗುತ್ತಾರೆ.

ವಾದ ಜೋರಾಗಿಯೇ ನಡೆಯಿತು. ನೀರಿನವರನ್ನು ಬಿಡೋಣ, ನಿದ್ದೆಯವರನ್ನು ಬೇಡ ಎಂದು ಒಬ್ಬಳು. ಯಾರ ಕಾರಣ ನಿಜ ಎಂದು ತೀರ್ಪು ಕೊಡಲು ನಾವ್ಯಾರು ಎಂದು ಇನ್ನೊಬ್ಬಳು. ಅಷ್ಟರಲ್ಲಿ ಬ್ಲೂ ಹೌಸಿನ ಕ್ಯಾಪ್ಟನ್ ಒಂದು ಮಾತು ಹೇಳಿದಳು. ನನ್ನ ಮಟ್ಟಿಗೆ ಇಡೀ ಪ್ರಕರಣ ತಿರುಗಿದ್ದು ಅಲ್ಲಿ.

ಶಿವಾಜಿನಗರದ ಸೇಂಟ್ ಮೇರಿಸ್ ಬೆಸಿಲಿಕಾ ನಿಮಗೆ ಗೊತ್ತಿರಬಹುದು. 1974ರಲ್ಲಿ ಅದಕ್ಕೆ ಬೆಸಿಲಿಕಾ ಸ್ಥಾನ (ಪೋಪ್ ಚರ್ಚಿಗೆ ಕೊಡುವ ವಿಶೇಷ ಗೌರವ) ಸಿಕ್ಕಿತು. ಸೀರೆ ಉಟ್ಟ ಮರಿಯಮ್ಮನನ್ನು ನೋಡಲು ಎಲ್ಲ ಧರ್ಮದವರೂ ಬರುತ್ತಾರೆ. ಸೆಪ್ಟೆಂಬರ್ 8ರ ಹಬ್ಬಕ್ಕೆ ಮುಂಚೆ ಒಂಬತ್ತು ದಿನ ನೊವೆನಾ ಪ್ರಾರ್ಥನೆ, ಹಬ್ಬದ ಸಂಜೆ ತೇರು. ಆ ದಿನಗಳಲ್ಲಿ ಬಸ್ ಸ್ಟ್ಯಾಂಡ್ ಸುತ್ತಲಿನ ರಸ್ತೆಯೆಲ್ಲ ಜಾಮ್. ನಮ್ಮ ಮಕ್ಕಳು ಗುಂಪುಗುಂಪಾಗಿ ಲೇಟಾಗುತ್ತಾರೆ.

"ನೊವೆನಾ ಟೈಮಲ್ಲಿ ನಾವು ಯಾರ ಹೆಸರೂ ಬರೆಯಲ್ಲ," ಅಂದಳು ಆ ಕ್ಯಾಪ್ಟನ್. "ಯಾಕಂದ್ರೆ ಕಾರಣ ನಮಗೆ ಗೊತ್ತು. ಸಿಸ್ಟರ್‌ಗೂ ಗೊತ್ತು. ಇವರದ್ದೂ ಅದೇ ಥರ ಜಾಮೇ. ಆದ್ರೆ ಅದು ಅವರ ಮನೆ ಒಳಗೆ ಆಗೋ ಜಾಮು. ನಮಗೆ ಕಾಣಲ್ಲ, ಅಷ್ಟೇ."

ಶಿಸ್ತಿನ ನಾಯಕಿ ಆಗಲೂ ಪೂರ್ತಿ ಒಪ್ಪಲಿಲ್ಲ. "ಪಾಯಿಂಟ್ ತೆಗೀರಿ. ಹಾಲು ಕೊಡಿ. ಆದ್ರೆ ಬುಕ್ ಇರಲಿ. ಯಾರು ದಿನಾ ಲೇಟಾಗ್ತಾರೆ ಅಂತ ಗೊತ್ತಾಗಿದ್ದೇ ಬುಕ್ಕಿಂದ ಅಲ್ವಾ?" ಅವಳು ಹೇಳಿದ್ದು ಸರಿ. ಎಸ್‌ಪಿಎಲ್ ಖಾಲಿ ಬಿಟ್ಟ ಪುಟವನ್ನು ನಾನು ಎಷ್ಟೇ ಗೌರವಿಸಿದರೂ, ವರ್ಷವಿಡೀ ಖಾಲಿ ಬಿಟ್ಟಿದ್ದರೆ ಆ ಒಂಬತ್ತನೇ ಕ್ಲಾಸಿನ ಮಗು ಸದ್ದಿಲ್ಲದೆ ಶಾಲೆ ಬಿಡುತ್ತಿತ್ತೇನೋ.

ಕೊನೆಗೆ ಹೀಗೆ ತೀರ್ಮಾನವಾಯಿತು. ಲೇಟಿಗೆ ಹೌಸ್ ಪಾಯಿಂಟ್ ಕಳೆಯುವುದಿಲ್ಲ. ಗೇಟಿನ ಹತ್ತಿರ ನಿಲ್ಲಿಸುವುದಿಲ್ಲ, ಪಕ್ಕದ ಚಿಕ್ಕ ಬಾಗಿಲಿನಿಂದ ಒಳಗೆ ಬರಬೇಕು. ಆಯಾ ಅಮ್ಮ ಒಂಬತ್ತೂಕಾಲಿನ ತನಕ ಹಾಲು ಬಿಸಿಯಾಗಿ ಇಡುತ್ತಾರೆ. ಲೇಟಾದವರು ಬುಕ್ಕಿನಲ್ಲಿ ತಾವೇ ಹೆಸರು, ಕಾರಣ ಬರೆಯಬೇಕು. ನಾಯಕಿ ಪಕ್ಕದಲ್ಲಿ ಟೈಮ್ ಮಾತ್ರ ಬರೆಯುತ್ತಾಳೆ. ವಾರದಲ್ಲಿ ಮೂರು ಸಲ ಒಂದೇ ಹೆಸರು ಬಂದರೆ ಶಿಕ್ಷೆ ಇಲ್ಲ, ನನ್ನ ಜೊತೆ ಮಾತು.

ಸ್ಟಾಫ್ ರೂಮಿನಲ್ಲಿ ಸ್ವಲ್ಪ ಗೊಣಗಾಟ ಆಯಿತು. ಮಕ್ಕಳಿಗೆ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಕೂಡದು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೇಳುತ್ತದೆ ಎಂದು ನಾನು ನೆನಪಿಸಿದೆ. ಆ ಕಾಯ್ದೆ ಅಲ್ಪಸಂಖ್ಯಾತ ಶಾಲೆಗಳಿಗೆ ಅನ್ವಯಿಸುವುದಿಲ್ಲ ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆಯಲ್ಲ ಎಂದು ಒಬ್ಬರು ತಿರುಗಿ ಹೇಳಿದರು. ಸಿಸ್ಟರ್ ಕೇಳಿದ್ದು ಒಂದೇ ಪ್ರಶ್ನೆ: "ಹಾಗಾದ್ರೆ ನಮ್ಮ ಮಕ್ಕಳಿಗೆ ನೋವಾಗಲ್ವಾ ಮಿಸ್?"

ನಾವು ಎಡವಿದ್ದು

ಸೋಮವಾರದಿಂದ ಹೊಸ ಪದ್ಧತಿ. ಬುಧವಾರ ಅನಾಹುತ.

ಒಂಬತ್ತನೇ ಕ್ಲಾಸಿನ ಒಬ್ಬ ನಾಯಕಿ, ಒಳ್ಳೆಯ ಮನಸ್ಸಿನಿಂದಲೇ, ತನ್ನ ಕ್ಲಾಸಿನಲ್ಲಿ ಎದ್ದು ನಿಂತು ಹೇಳಿದಳು: "ಅವಳನ್ನ ಯಾರೂ ಬಯ್ಯಬೇಡಿ. ಅವಳ ಅಮ್ಮ ರೋಡ್ ಗುಡಿಸ್ತಾರೆ, ತಮ್ಮನ್ನ ಇವಳೇ ನೋಡ್ಕೋತಾಳೆ, ಪಾಪ." ಇಡೀ ಕ್ಲಾಸ್ ತಿರುಗಿ ಆ ಹುಡುಗಿಯನ್ನು ನೋಡಿತು. ಅವಳು ತಲೆ ಬಗ್ಗಿಸಿ ಕೂತವಳು ಸಂಜೆಯ ತನಕ ಎತ್ತಲಿಲ್ಲ. ಮಾರನೇ ದಿನ ಬರಲಿಲ್ಲ. ಅದರ ಮಾರನೇ ದಿನವೂ ಇಲ್ಲ.

ಪಾಯಿಂಟ್ ಹೋದಾಗ ಬೈಸಿಕೊಂಡು ತಡೆದುಕೊಂಡಿದ್ದ ಮಗುವಿಗೆ ಈ "ಪಾಪ" ತಡೆಯಲು ಆಗಲಿಲ್ಲ. ಇದನ್ನು ನಾನು ಮೊದಲೇ ಯೋಚಿಸಬೇಕಿತ್ತು. ಬರೆದುಕೊಳ್ಳಬೇಡಿ ಎಂದು ಮಕ್ಕಳೇ ತೀರ್ಮಾನಿಸಿದ್ದರು. ಯಾರಿಗೂ ಹೇಳಬೇಡಿ ಎಂದು ನಾನು ಹೇಳಲಿಲ್ಲ.

ಶನಿವಾರ ಮಧ್ಯಾಹ್ನ ಎಸ್‌ಪಿಎಲ್, ಆ ನಾಯಕಿ ಮತ್ತು ನಾನು ಅವರ ಮನೆಗೆ ಹೋದೆವು. ವಠಾರದ ಕೊನೆಯ ಮನೆ, ಒಂದೇ ಕೋಣೆ. ತಾಯಿ ಆಗ ತಾನೇ ಕೆಲಸದಿಂದ ಬಂದು ಸ್ನಾನ ಮಾಡಿ ತಲೆಗೆ ಟವೆಲ್ ಸುತ್ತಿಕೊಂಡಿದ್ದರು. ಮಗಳು ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು. ಹುಡುಗಿಯರು ಕ್ಷಮೆ ಕೇಳಿದರು. ಕ್ಲಾಸಿನಲ್ಲಿ ಹೇಳಿದವಳು ಅತ್ತಳು.

ಆ ತಾಯಿ ಹೇಳಿದ್ದು ನನಗೆ ಪದ ಪದವಾಗಿ ನೆನಪಿದೆ. "ನನ್ನ ಕೆಲಸ ಹೇಳೋಕೆ ನನಗೇನೂ ನಾಚಿಕೆ ಇಲ್ಲ ಮೇಡಂ. ನಾನು ಗುಡಿಸಲಿಲ್ಲ ಅಂದ್ರೆ ಈ ರೋಡಲ್ಲಿ ನೀವು ನಡೆಯೋಕಾಗಲ್ಲ. ಆದ್ರೆ ಅದನ್ನ ಪಾಪ ಅಂತ ಹೇಳಬೇಡಿ. ಮತ್ತೆ, ಹೇಳೋದಿದ್ರೆ ಮೊದಲು ಅವಳನ್ನ ಕೇಳಬೇಕಿತ್ತು."

ಆಮೇಲೆ ಮಗಳ ಕಡೆ ತಿರುಗಿದರು. "ತಮ್ಮನ್ನ ಬಿಟ್ಟು ಓಡ್ತಿದ್ದೆ ಅಂತ ನನಗೆ ಯಾಕೆ ಹೇಳಲಿಲ್ಲ ಕಂದ?"

ಹತ್ತು ನಿಮಿಷದಲ್ಲಿ ಎದುರು ಮನೆಯ ಅಜ್ಜಿ ಬಂದರು. ಬೆಳಿಗ್ಗೆ ಎಂಟರಿಂದ ಅಂಗನವಾಡಿ ತೆರೆಯುವ ತನಕ ಹುಡುಗನನ್ನು ತಾವು ನೋಡಿಕೊಳ್ಳುವುದಾಗಿ ಹೇಳಿದರು. ಅಷ್ಟೇ. ತಿಂಗಳುಗಟ್ಟಲೆ ಒಂದು ಮಗು ಒಂಟಿಯಾಗಿ ಹೊತ್ತಿದ್ದ ಭಾರ ಅದು. ತಾಯಿಯ ಕಿವಿಗೆ ಬಿದ್ದ ಕೂಡಲೇ ದಾರಿ ಸಿಕ್ಕಿತು. ಶಾಲೆ ಮಾಡಿದ್ದು ಏನೂ ಇಲ್ಲ.

ಆಮೇಲೆ

ಎಲ್ಲವೂ ಸರಿಹೋಗಲಿಲ್ಲ. ಒಂದೇ ಕಡೆಯಿಂದ ಬರುವವರು ಜೊತೆಯಾಗಿ ಬಸ್ ಹತ್ತುವ ಗುಂಪು ಮಾಡಿದ್ದೆವು, ಅದು ಒಂದೇ ವಾರದಲ್ಲಿ ಮುರಿಯಿತು. ಇಬ್ಬರು ಹುಡುಗಿಯರು ದಿನಾ "ನೀರು" ಎಂದು ಬರೆದು ಬೇಕರಿಯಲ್ಲಿ ಕೂರುತ್ತಿದ್ದರು. ಶಿಸ್ತಿನ ನಾಯಕಿ ಅವರನ್ನು ಹಿಡಿದಳು. ಬಯ್ಯಲಿಲ್ಲ, ಬುಕ್ಕನ್ನು ಅವರ ಮುಂದೆ ಇಟ್ಟು, ನಿಜವಾಗಿ ನೀರು ಹಿಡಿದು ಬರುವವಳ ಹೆಸರಿನ ಮೇಲೆ ಬೆರಳಿಟ್ಟು ತೋರಿಸಿದಳು. ಮರುದಿನದಿಂದ ಒಬ್ಬಳು ಸರಿಯಾದ ಹೊತ್ತಿಗೆ ಬಂದಳು. ಇನ್ನೊಬ್ಬಳು ಬರಲಿಲ್ಲ, ವರ್ಷದ ಕೊನೆಯ ತನಕ ಹಾಗೇ ಇದ್ದಳು. ಬಾಯಿ ಬಿಡದ ಇಬ್ಬರಲ್ಲಿ ಒಬ್ಬಳು ನವೆಂಬರಿನಲ್ಲಿ ನನ್ನ ಹತ್ತಿರ ಬಂದು ಮನೆಯ ವಿಷಯ ಹೇಳಿದಳು. ಅದನ್ನು ಇಲ್ಲಿ ಬರೆಯುವುದಿಲ್ಲ.

ಮುಂದಿನ ಚುನಾವಣೆಗೆ ಮುಂಚೆ ಪ್ರಮಾಣವಚನದಲ್ಲಿ ಒಂದು ಸಾಲು ಸೇರಿಸೋಣ ಎಂದು ಮಕ್ಕಳೇ ಕೇಳಿದರು: "ನನಗೆ ಗೊತ್ತಾದ ಒಬ್ಬರ ಕಷ್ಟವನ್ನು ಅವರನ್ನು ಕೇಳದೆ ಇನ್ನೊಬ್ಬರಿಗೆ ಹೇಳುವುದಿಲ್ಲ." ಬರೆದು ತಂದವಳು ಕ್ಲಾಸಿನಲ್ಲಿ ಎದ್ದು "ಪಾಪ" ಅಂದಿದ್ದ ಹುಡುಗಿ. ಸಿಸ್ಟರ್ ಒಂದಕ್ಷರವನ್ನೂ ತಿದ್ದದೆ ಸೇರಿಸಿದರು.

ಆ ಲೇಟ್ ಬುಕ್ ಈಗಲೂ ನನ್ನ ಬೀರುವಿನಲ್ಲಿದೆ. ಹತ್ತನೇ ಕ್ಲಾಸಿನವರ ಬೀಳ್ಕೊಡುಗೆಯ ಹಿಂದಿನ ದಿನದ ಪುಟದಲ್ಲಿ ಒಂದೇ ಹೆಸರಿದೆ, ಎಸ್‌ಪಿಎಲ್‌ಳದು. ಕಾರಣದ ಜಾಗದಲ್ಲಿ ಅವಳದೇ ದುಂಡು ಅಕ್ಷರ: "ನಿದ್ದೆ ಬಂತು." ಪಕ್ಕದಲ್ಲಿ ಶಿಸ್ತಿನ ನಾಯಕಿಯ ಅಕ್ಷರದಲ್ಲಿ ಟೈಮ್: 8:52.